ಅಮ್ಮನ ಲಿವಿಂಗ್ ವಿಲ್: ಮಾಡಿಸಿದವರು ಸ್ವಲ್ಪ ಹೇಳಿ

ಅಮ್ಮನಿಗೆ 74. "ನನ್ನನ್ನು ಮೆಷಿನ್ನಿಗೆ ಹಾಕಿ ತಿಂಗಳುಗಟ್ಟಲೆ ಮಲಗಿಸಬೇಡಿ" ಅಂತ ಪದೇ ಪದೇ ಹೇಳುತ್ತಾರೆ. ಇದನ್ನು ಕಾನೂನು ಪ್ರಕಾರ ಮುಂಚೆಯೇ ಬರೆದಿಡುವುದಕ್ಕೆ ಲಿವಿಂಗ್ ವಿಲ್ ಅಂತಾರಂತೆ, ಅದನ್ನು ಮಾಡಿಸುವುದು ಹೇಗೆ? ಕೋರ್ಟಿಗೆ ಅಲೆಯಬೇಕಾ?

—

ಕೋರ್ಟಿಗೆ ಹೋಗುವುದು ಬೇಡ. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆ ಕೊಟ್ಟಾಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲ ಮಾಡಿದರು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು.

ಅಪ್ಪನದು ನೋಟರಿ ಹತ್ತಿರ ಅರ್ಧ ಗಂಟೆಯಲ್ಲಿ ಮುಗಿಯಿತು. ಏನು ಬರೆಯಬೇಕು ಅನ್ನುವುದಕ್ಕೇ ಒಂದು ತಿಂಗಳು ಹಿಡಿಯಿತು. ಸುಮ್ನೆ "ವೆಂಟಿಲೇಟರ್ ಬೇಡ" ಅಂತ ಒಂದು ಸಾಲು ಬರೆಯಬೇಡಿ. ನ್ಯುಮೋನಿಯಾ ಬಂದು ನಾಲ್ಕು ದಿನ ವೆಂಟಿಲೇಟರಿನಲ್ಲಿದ್ದು ಎದ್ದು ಮನೆಗೆ ಬರುವವರೂ ಇದ್ದಾರಲ್ವಾ? ಇನ್ನು ಚೇತರಿಸುವ ಆಸೆಯೇ ಇಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಏನೇನು ಬೇಡ ಅಂತ ಬಿಡಿಸಿ ಬರೆಯಿರಿ: ವೆಂಟಿಲೇಟರ್, ಡಯಾಲಿಸಿಸ್, ಮೂಗಿನ ನಳಿಕೆ, ಹೃದಯ ನಿಂತಾಗ ಎದೆ ಒತ್ತುವುದು. ಏನು ಬೇಕು ಅಂತಲೂ ಬರೆಯಿರಿ. "ನೋವಾಗದ ಹಾಗೆ ನೋಡಿಕೊಳ್ಳಿ, ಬಾಯಿ ಒಣಗಲು ಬಿಡಬೇಡಿ" ಅಂತ ಅಪ್ಪ ಹೇಳಿದ್ದನ್ನು ಹಾಗೇ ಸೇರಿಸಿದೆವು.

—

ಅಮ್ಮನ ಪರವಾಗಿ ಮಾತಾಡುವವರು ಯಾರು ಅನ್ನುವುದನ್ನು ಯೋಚಿಸಿ ಬರೆಯಿರಿ. ಒಬ್ಬರಿಗಿಂತ ಜಾಸ್ತಿ ಹೆಸರು ಹಾಕಬಹುದು. ನಮ್ಮತ್ತೆ ಹಿರಿಮಗ ಅಂತ ದೊಡ್ಡ ಭಾವನ ಹೆಸರೊಂದನ್ನೇ ಹಾಕಿಸಿದ್ದರು. ಐಸಿಯು ಬಾಗಿಲಲ್ಲಿ ಡಾಕ್ಟರು ಕೇಳಿದಾಗ ಪಾಪ, ಅವರಿಗೆ ಬಾಯೇ ಬರಲಿಲ್ಲ. ಅತ್ತೆ ಅವರ ಹತ್ತಿರ ಈ ವಿಷಯ ಒಂದು ದಿನವೂ ಮಾತಾಡಿರಲಿಲ್ಲ. ಕಾಗದವಂತೂ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿತ್ತು. ನಮ್ಮ ಕೈಗೆ ಸಿಕ್ಕಿದ್ದು ಮೂರನೇ ದಿನ. ಆ ಮೂರು ದಿನ ಅತ್ತೆಯ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು, ನಳಿಕೆ ಕಿತ್ತುಕೊಳ್ಳುತ್ತಾರೆ ಅಂತ. ನನಗೆ ಇನ್ನೂ ಮರೆಯಲು ಆಗಿಲ್ಲ.

ಹೆಸರು ಹಾಕಿದ ಪ್ರತಿಯೊಬ್ಬರಿಗೂ, ಮನೆ ಡಾಕ್ಟರಿಗೂ ಒಂದೊಂದು ಪ್ರತಿ ಕೊಡಿ. ಪಾಲಿಕೆ ಅಥವಾ ಪಂಚಾಯಿತಿ ಕಡೆಯ ಅಧಿಕಾರಿಗೂ ಒಂದು ಪ್ರತಿ ಹೋಗಬೇಕು. ಫೋಟೋ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ.

—

ಕಾಗದ ತೋರಿಸಿದ ತಕ್ಷಣ ಯಾರೂ ಮೆಷಿನ್ ತೆಗೆಯುವುದಿಲ್ಲ. ಮೊದಲು ಆಸ್ಪತ್ರೆಯ ಡಾಕ್ಟರುಗಳ ಒಂದು ಮಂಡಳಿ ನೋಡುತ್ತದೆ, ಆಮೇಲೆ ಇನ್ನೊಂದು. ಎರಡರಲ್ಲೂ ಕನಿಷ್ಠ ಮೂವರು ಡಾಕ್ಟರು ಇರಬೇಕು. ಎರಡನೆಯದರಲ್ಲಿ ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದವರು. ಒಂದೊಂದು ಮಂಡಳಿಯೂ ಸಾಧ್ಯವಾದಷ್ಟು 48 ಗಂಟೆಯೊಳಗೆ ತೀರ್ಮಾನ ಹೇಳಬೇಕು. ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿ 30ರಂದು ಇದರ ಆದೇಶ ಹೊರಡಿಸಿದೆ. ಆಸ್ಪತ್ರೆಯಲ್ಲಿ ಗೊತ್ತಿಲ್ಲ ಅಂದರೆ ಅದರ ಪ್ರತಿ ತೋರಿಸಿ.

"ಸಾಯಿಸೋಕೆ ಸಹಿ ಹಾಕಿಸ್ತಿದ್ದೀರಾ" ಅಂತ ನೆಂಟರು ಕೇಳಿಯೇ ಕೇಳುತ್ತಾರೆ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ನಮ್ಮ ದೇಶದಲ್ಲಿ ಇವತ್ತಿಗೂ ಅಪರಾಧ. ಇದು ಅದಲ್ಲ ಅಂತ ಮೊದಲೇ ಕೂರಿಸಿಕೊಂಡು ಹೇಳಿ.

ಅಮ್ಮನಿಗೆ ಇನ್ನೊಂದು ವಿಷಯವನ್ನೂ ತಿಳಿಸಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದುಕೊಟ್ಟು ರದ್ದು ಮಾಡಬಹುದು. ನಮ್ಮ ದೊಡ್ಡಮ್ಮ ಇದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಪೆನ್ನು ಹಿಡಿದಿದ್ದು.