ಕ್ಯಾಂಪಸ್‌ಗೆ ನುಗ್ಗುವ ಮಳೆನೀರು: ಕಾಂಕ್ರೀಟ್ ಚರಂಡಿ ಬಿಟ್ಟು ಬೇರೆ ದಾರಿ ಇದೆಯಾ?

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯ ಬೆಂಗಳೂರಿನ ಅಂಚಿನಲ್ಲಿ, ಒಂದು ಕೆರೆಯ ಕೆಳಗಿದೆ. ಜೋರು ಮಳೆ ಬಂದರೆ ಹಾಸ್ಟೆಲ್ ಮುಂದೆ ಮೊಣಕಾಲುದ್ದ ನೀರು. 2022ರ ಸೆಪ್ಟೆಂಬರ್ ಮಳೆಗೆ ಲೈಬ್ರರಿಯ ನೆಲಮಾಳಿಗೆಗೂ ನುಗ್ಗಿತ್ತು. ಈಗ ದೊಡ್ಡ ಕಾಂಕ್ರೀಟ್ ಚರಂಡಿ ಹಾಕಿಸಿ, ಉಳಿದ ಜಾಗಕ್ಕೆಲ್ಲ ಲಾನ್ ಹಾಕೋಣ ಅಂತ ಮಾತು ನಡೆದಿದೆ. ಗಿಡ, ಹಕ್ಕಿ, ಕಪ್ಪೆಗಳಿಗೂ ಜಾಗ ಇಟ್ಟು ಈ ನೀರನ್ನು ಹಿಡಿಯೋಕೆ ಆಗುತ್ತಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ (ಲ್ಯಾಂಡ್‌ಸ್ಕೇಪ್ ಕೆಲಸ, ಬೆಂಗಳೂರು): ಖಂಡಿತ ಆಗುತ್ತದೆ. ಆದರೆ ಪ್ಲಾನ್ ಬರೆಸುವ ಮೊದಲು ಮಳೆ ಸುರಿಯುವಾಗಲೇ ಕೊಡೆ ಹಿಡಿದು ಕ್ಯಾಂಪಸ್ ಸುತ್ತಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಇಳಿಯಲು ಎಷ್ಟು ಹೊತ್ತು ಬೇಕು, ಎಲ್ಲದರ ಫೋಟೊ ಇರಲಿ. ಹಳೇ ಮಾಲಿಗಳನ್ನು, ರಾತ್ರಿ ಪಾಳಿಯ ಸೆಕ್ಯುರಿಟಿಯವರನ್ನು ಕೇಳಿ. ಹಳೇ ಗ್ರಾಮ ನಕ್ಷೆಯನ್ನೂ ತೆಗೆಸಿ. ರಾಜಕಾಲುವೆ (ಕೆರೆಯಿಂದ ಕೆರೆಗೆ ಮಳೆನೀರು ಒಯ್ಯುವ ದೊಡ್ಡ ಕಾಲುವೆ) ನಿಮ್ಮ ಜಾಗದಲ್ಲೇ ಹಾದುಹೋಗಿದ್ದರೆ ಮೊದಲು ಅದನ್ನು ಬಿಡಿಸಿ. ಅದನ್ನು ಮುಚ್ಚಿಟ್ಟು ಬೇರೆ ಏನು ಮಾಡಿದರೂ ದುಡ್ಡು ದಂಡ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಎಕರೆ ಮೇಲೆ 100 ಮಿ.ಮೀ. ಸುರಿದರೆ ಸುಮಾರು 4 ಲಕ್ಷ ಲೀಟರ್! ಇದನ್ನೆಲ್ಲ ಚರಂಡಿಯಲ್ಲಿ ಓಡಿಸಿದರೆ ಕೆಳಗಿನ ಬಡಾವಣೆಯವರ ಮನೆಗೆ ನುಗ್ಗುತ್ತದೆ, ಅಷ್ಟೇ. ಅದರ ಬದಲು ಆಟದ ಮೈದಾನವನ್ನು ಸುತ್ತಲಿನ ರಸ್ತೆಗಿಂತ ಒಂದು ಅಡಿ ತಗ್ಗಿಸಿ. ಎಕರೆಗೆ 12 ಲಕ್ಷ ಲೀಟರ್ ಹಿಡಿಯುತ್ತದೆ. ಮಳೆ ನಿಂತ ಮೇಲೆ ಸಣ್ಣ ಪೈಪಿನಲ್ಲಿ ನಿಧಾನಕ್ಕೆ ಹೊರಗೆ ಬಿಡಬಹುದು.

ಇಂಗುಬಾವಿ ತೋಡಿಸುವ ಮೊದಲು ಎರಡಡಿ ಗುಂಡಿ ತೆಗೆದು ನೀರು ತುಂಬಿಸಿ, ಇಂಗಲು ಬಿಡಿ. ಮತ್ತೆ ತುಂಬಿಸಿ, ಗಂಟೆಗೆ ಎಷ್ಟು ಇಂಚು ಇಳಿಯಿತು ಅಂತ ಸ್ಕೇಲ್ ಇಟ್ಟು ನೋಡಿ. ಕೆರೆಯ ಕೆಳಗೆ ಮೊದಲು ಗದ್ದೆ ಇದ್ದ ಜಾಗದಲ್ಲಿ ಸಾಮಾನ್ಯವಾಗಿ ಜೇಡಿಮಣ್ಣು. ಅಲ್ಲಿ ನೀರು ಇಂಗುವುದು ಕಷ್ಟ, ಹೊಂಡವೇ ಸರಿ. ಎತ್ತರದ ಕೆಂಪುಮಣ್ಣಿನಲ್ಲಿ ಇಂಗುಬಾವಿ ಚೆನ್ನಾಗಿ ಕೆಲಸ ಮಾಡುತ್ತದೆ. ಬಾವಿ ತೋಡುವ ಮಣ್ಣು ವಡ್ಡರು ಬೆಂಗಳೂರಿನಲ್ಲಿ ಈಗಲೂ ಇದ್ದಾರೆ, ಅವರನ್ನೇ ಕರೆಸಿ.

ಉತ್ತರ: ಆಡಳಿತದವರಿಗೆ ಬ್ಯಾಂಕಾಕಿನ ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದ ಪಾರ್ಕ್ ತೋರಿಸಿ. ವಿಶ್ವವಿದ್ಯಾಲಯಕ್ಕೆ ನೂರು ವರ್ಷ ತುಂಬಿದಾಗ, 2017ರಲ್ಲಿ, ಊರ ನಡುವಿನ 11 ಎಕರೆ ದುಬಾರಿ ಜಾಗವನ್ನು ಇದಕ್ಕೇ ಬಿಟ್ಟರು. ವಿನ್ಯಾಸ ಕೊಚಕಾರ್ನ್ ವೊರಾಖೋಮ್ ಅವರದು. ಇಡೀ ಪಾರ್ಕ್ 3 ಡಿಗ್ರಿ ಓರೆಯಾಗಿದೆ. ಮೇಲ್ತುದಿಯಲ್ಲಿ ಗಿಡ ಬೆಳೆಸಿದ ಹಸಿರು ಚಾವಣಿಯ ನೀರು ಪಕ್ಕದ ಜೌಗಿನಲ್ಲಿ ಸೋಸಿಕೊಂಡು ಕೆಳಗಿನ ಕೊಳ ಸೇರುತ್ತದೆ, ಪಂಪ್ ಬೇಕಿಲ್ಲ. ಸುಮಾರು 38 ಲಕ್ಷ ಲೀಟರ್ ಹಿಡಿಯುತ್ತದೆ. ಕೊಳದ ಪಕ್ಕ ಸೈಕಲ್‌ಗಳಿವೆ. ಅವನ್ನು ತುಳಿದರೆ ನೀರಿಗೆ ಗಾಳಿ ಸೇರುತ್ತದೆ. ನಿಮ್ಮ ಹುಡುಗರಿಗೂ ಇದು ಇಷ್ಟವಾಗುತ್ತದೆ.

ಉತ್ತರ (ಸಸ್ಯಶಾಸ್ತ್ರ ಪಾಠ ಮಾಡುವವಳು): ಹೊಂಡದ ದಂಡೆಗೆ ಕಲ್ಲು ಕಟ್ಟಿ ನೆಟ್ಟಗೆ ನಿಲ್ಲಿಸಬೇಡಿ. ಬಿದ್ದ ಮರಿಕಪ್ಪೆ, ಆಮೆ ಮೇಲೆ ಹತ್ತಲಾರವು. ಒಂದು ಅಡಿ ಆಳಕ್ಕೆ ಮೂರು ಅಡಿಯಾದರೂ ಇಳಿಜಾರು ಇರಲಿ. ನೀರಂಚಿಗೆ ಬಜೆ, ದಂಡೆಗೆ ಲಾವಂಚ. ಲಾವಂಚದ ಬೇರು ಮಣ್ಣನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸ್ವಲ್ಪ ಮೇಲೆ ಹೊಂಗೆ, ನೇರಳೆ, ಹೊಳೆಮತ್ತಿ, ಅತ್ತಿ. ಇವು ಒಂದಷ್ಟು ದಿನ ನೀರು ನಿಂತರೂ ತಡೆಯುತ್ತವೆ. ಆಪು (ಜೊಂಡು) ಸಾಕಷ್ಟು ತಾನಾಗಿಯೇ ಬರುತ್ತದೆ, ಎಲ್ಲ ಕಡೆ ಹರಡದಂತೆ ನೋಡಿಕೊಳ್ಳಿ.

ಸೊಳ್ಳೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಳೆಯಲ್ಲಿ ಮಾತ್ರ ತುಂಬುವ ತಗ್ಗುಗಳು ಮೂರು ದಿನದೊಳಗೆ ಒಣಗಬೇಕು, ಆಗ ಸೊಳ್ಳೆಮರಿ ಬೆಳೆಯುವುದಿಲ್ಲ. ಸದಾ ನೀರಿರುವ ಹೊಂಡಕ್ಕೆ ನಮ್ಮ ಕೆರೆಯ ಸಣ್ಣ ಮೀನುಗಳೇ ಸಾಕು. ಸೊಳ್ಳೆಮರಿ ತಿನ್ನಲೆಂದು ಬಿಡುವ ಹೊರದೇಶದ ಮೀನು ಗ್ಯಾಂಬೂಸಿಯಾ ಮಾತ್ರ ಬಿಡಬೇಡಿ, ಕಪ್ಪೆಯ ಗೊದಮೊಟ್ಟೆಗಳನ್ನೂ ತಿಂದುಹಾಕುತ್ತದೆ. ಹಾವಿನ ಭಯ ಇದ್ದರೆ ಓಡಾಡುವ ದಾರಿಯ ಎರಡೂ ಕಡೆ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ದೀಪ ಹಾಕಿ. ಅದಕ್ಕಾಗಿ ಪೊದೆಗಳನ್ನೆಲ್ಲ ಸವರಬೇಡಿ.

ಉತ್ತರ (ಕೊಡಗು): ಇದನ್ನು ಓದುವ ಮಲೆನಾಡಿನವರಿಗೆ ಒಂದು ಮಾತು. ಕಡಿದಾದ ಗುಡ್ಡದಲ್ಲಿ ಇಂಗುಗುಂಡಿ ತೋಡಬೇಡಿ. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಜಾರಿದ್ದನ್ನು ಎಲ್ಲರೂ ನೋಡಿದ್ದೀರಿ. ಅಂಥ ಕಡೆ ನೀರನ್ನು ಮಣ್ಣಿಗೆ ತುಂಬಿಸುವುದು ಅಪಾಯ, ಹಳ್ಳಕ್ಕೆ ಸಲೀಸಾಗಿ ಇಳಿಸಬೇಕು.

ಉತ್ತರ (ಲ್ಯಾಂಡ್‌ಸ್ಕೇಪ್): ನನ್ನ ಮೊದಲಿನ ಉತ್ತರಕ್ಕೆ ಸೇರಿಸುತ್ತೇನೆ. ಎಷ್ಟೇ ಹೊಂಡ ಮಾಡಿದರೂ ಹೆಚ್ಚಾದ ನೀರಿಗೆ ಕೋಡಿ ಇರಲೇಬೇಕು. ಲೈಬ್ರರಿಯ ನೆಲಮಾಳಿಗೆಯಲ್ಲಿ ಕರೆಂಟಿನ ಪ್ಯಾನೆಲ್ ಇದ್ದರೆ ಈಗಲೇ ಮೇಲಿನ ಮಹಡಿಗೆ ಸಾಗಿಸಿ. ನೀರು ಒಳಬರುವ ಕಡೆಯೆಲ್ಲ ಹೂಳು ನಿಲ್ಲಲು ಸಣ್ಣ ತೊಟ್ಟಿ ಕಟ್ಟಿಸಿ. ಆ ಹೂಳನ್ನು ಮೇ ತಿಂಗಳಲ್ಲೇ ತೆಗೆಯಬೇಕು ಅಂತ ಹೌಸ್‌ಕೀಪಿಂಗ್ ಟೆಂಡರಿನಲ್ಲೇ ಬರೆಸಿ.