ನಗರದೊಳಗೆ ಮೋಟರ್‌ಹೋಮ್ ನಿಲ್ಲಿಸಿದ ರಾತ್ರಿ ಹಾಳಾಗುವುದು ಎಲ್ಲಿ? ಬಲ್ಲವರ ಉತ್ತರಗಳು

ಪ್ರಶ್ನೆ: ಪೇಟೆಗೆ ನಡೆದೇ ಹೋಗಬಹುದು ಅಂತ ನಗರದ ಮಧ್ಯದ ಒಂದು ಮೋಟರ್‌ಹೋಮ್ (ಒಳಗೇ ಅಡುಗೆ ಮಾಡಿ ಮಲಗುವ ಗಾಡಿ) ತಂಗುದಾಣ ಹಿಡಿದರೆ ಸಿಕ್ಕಿದ್ದು ಇಷ್ಟು: ಇಳಿಜಾರು ಜಾಗ, ಕೆಟಲ್ ಹಾಕಿದ ಕೂಡಲೇ ಹೋಗುವ ಕರೆಂಟು, ಗಾಡಿಯ ಪೈಪಿಗೆ ಎಟುಕದ ಚರಂಡಿ ಜಾಲರಿ, ಕಿಟಕಿಗೇ ಹೊಡೆಯುವ ದೀಪ, ಪಕ್ಕದಲ್ಲಿ ಬೆಳಗಿನವರೆಗೂ ಗುಯ್‌ಗುಡುವ ಫ್ರೀಜರ್ ಲಾರಿ. ಆ್ಯಪ್‌ನಲ್ಲಿ ನಾಲ್ಕು ಸ್ಟಾರ್ ಇತ್ತು! ಮುಂದಿನ ಸಲ ಏನು ನೋಡಿಕೊಳ್ಳಬೇಕು, ಗಾಡಿಯಲ್ಲಿ ಏನೇನು ಇರಬೇಕು?

* * *

ಕರೆಂಟಿನ ವಿಷಯ ಮೊದಲು. ಇದರಲ್ಲಿ ತಂಗುದಾಣದ ತಪ್ಪಿಗಿಂತ ಲೆಕ್ಕದ ತಪ್ಪೇ ಹೆಚ್ಚು. ತಂಗುದಾಣದ ಕರೆಂಟು ಕಂಬದಲ್ಲಿರುವ ನೀಲಿ ಸಾಕೆಟ್ 16 ಆಂಪಿಯರಿನದು ನಿಜ, ಆದರೆ ಅದರ ಹಿಂದಿನ ಬ್ರೇಕರ್ (ಹೊರೆ ಮೀರಿದರೆ ಕರೆಂಟು ಕಡಿಯುವ ಸ್ವಿಚ್) ಅಷ್ಟೇ ಇರಬೇಕು ಅಂತೇನಿಲ್ಲ. ಎಷ್ಟೋ ಕಡೆ 6 ಆಂಪಿಯರ್ ಇರುತ್ತೆ, 4 ಇರುವುದೂ ಉಂಟು. 230 ವೋಲ್ಟಿಗೆ 6 ಆಂಪಿಯರ್ ಅಂದ್ರೆ 1380 ವ್ಯಾಟ್. ಮನೆಯ ಕೆಟಲ್ ಒಂದೇ 2000 ವ್ಯಾಟ್ ಎಳೆಯುತ್ತೆ. ಅದರ ಜೊತೆಗೆ ನಿಮಗೆ ಕಾಣದಂತೆ ಓಡುತ್ತಿರುವವು: ಫ್ರಿಜ್ ಸುಮಾರು 150 ವ್ಯಾಟ್, ಬ್ಯಾಟರಿ ಇಳಿದಿದ್ದರೆ ಚಾರ್ಜರ್ 300ರ ಆಸುಪಾಸು, ನೀರಿನ ಹೀಟರನ್ನು ಕರೆಂಟಿಗೆ ಹಾಕಿದ್ದರೆ 900 ಅಥವಾ 1800. ಹೀಟರ್ ಬಿಟ್ಟರೂ ಕೆಟಲ್ ಹೊತ್ತಿಗೆ 2450 ವ್ಯಾಟ್, ಅಂದ್ರೆ ಹತ್ತೂವರೆ ಆಂಪಿಯರ್ ದಾಟಿತು.

ಬ್ರೇಕರ್ ಇಷ್ಟು ಹೊರೆಗೆ ಆ ಕ್ಷಣಕ್ಕೇ ಬೀಳಲ್ಲ. ಒಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗಬೇಕು, ಅದಕ್ಕೆ ಒಂದೆರಡು ನಿಮಿಷ ಹಿಡಿಯುತ್ತೆ. ಹಾಗಾಗಿ ಒಮ್ಮೆ ಕೆಟಲ್ ಕುದಿಯುತ್ತೆ, ಮತ್ತೊಮ್ಮೆ ಅರ್ಧಕ್ಕೆ ಹೋಗುತ್ತೆ, ಜನ ಕಂಬವೇ ಸರಿ ಇಲ್ಲ ಅಂತ ಬೈಯುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಹಾಗೆ, ಆಂಪಿಯರ್ ಇದ್ದಷ್ಟು ಸ್ವಿಚ್ ಒತ್ತಿ. 800 ವ್ಯಾಟಿನ ಸಣ್ಣ ಕೆಟಲ್ ಇಟ್ಟುಕೊಳ್ಳಿ. ಅದು ಕಾಯುವಾಗ ವಾಟರ್ ಹೀಟರ್ ಆಫ್, ಹಾಗೇ ಗ್ಯಾಸಿಗೂ ಓಡುವ ಫ್ರಿಜ್ ಆದರೆ ಅದು ಗ್ಯಾಸಿನ ಮೇಲೆ.

ದುಡ್ಡು ಕಟ್ಟುವ ಮೊದಲು ಕೇಳಲೇಬೇಕಾದ ಮಾತು ಒಂದಿದೆ: ಬ್ರೇಕರ್ ಬಿದ್ದರೆ ಮತ್ತೆ ಎತ್ತುವವರು ಯಾರು? ಡಬ್ಬಿಗೆ ಬೀಗ ಹಾಕಿ ಸಂಜೆ ಆರಕ್ಕೆ ಮನೆಗೆ ಹೋಗುವ ಜಾಗವಾದರೆ, ರಾತ್ರಿ ಒಂಬತ್ತಕ್ಕೆ ಟ್ರಿಪ್ ಆದದ್ದು ಬೆಳಗಿನವರೆಗೂ ಟ್ರಿಪ್ಪೇ.

* * *

ಮೇಲಿನದಕ್ಕೆ ಸೇರಿಸುವುದು: ಕೇಬಲ್ 25 ಮೀಟರ್, 3 ಎಳೆ, ಒಂದೊಂದೂ 2.5 ಚದರ ಮಿ.ಮೀ. ಇದಕ್ಕಿಂತ ಸಣ್ಣದು ಬೇಡ. ಡ್ರಮ್ಮಿನಿಂದ ಪೂರ್ತಿ ಬಿಚ್ಚಿ ಗಾಡಿಯ ಕೆಳಗೆ ಸಡಿಲವಾಗಿ ಹಾಸಿ. ಸುತ್ತಿದ್ದ ಹಾಗೇ ಬಿಟ್ಟರೆ ಒಳಸುತ್ತಿನ ಬಿಸಿ ಹೊರಗೆ ಹೋಗಲಾರದೆ ಹೊದಿಕೆ ಮೆತ್ತಗಾಗಿ ಕರಗುತ್ತೆ. ಚುಚ್ಚುವಾಗ ಗಾಡಿಯ ತುದಿ ಮೊದಲು, ಕಂಬದ ತುದಿ ಆಮೇಲೆ. ಕೀಳುವಾಗ ತಿರುಗುಮುರುಗು. ಮಳೆಯಲ್ಲಿ ಜೀವವಿರುವ ಪ್ಲಗ್ ಕೈಯಲ್ಲಿ ಹಿಡಿದು ಓಡಾಡಬಾರದು ಅನ್ನುವುದೇ ಕಾರಣ. ಮೂರು ದೀಪದ ಸಾಕೆಟ್ ಟೆಸ್ಟರ್ ಒಂದು ಗಾಡಿಯೊಳಗೆ ಇರಲಿ. ಅರ್ಥಿಂಗ್ ಇಲ್ಲ ಅಂತ ತೋರಿಸಿದರೆ ಕಿತ್ತುಬಿಡಿ, ಆ ರಾತ್ರಿ ಬ್ಯಾಟರಿ ಮೇಲೆ ಕಳೆಯಿರಿ. ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ವಿಷಯ ಸೂಕ್ಷ್ಮ: ಒಂದೇ ತಂತಿ ಕಡಿಯುವ ಬ್ರೇಕರ್ ನಿಮ್ಮ ಗಾಡಿಯಲ್ಲಿದ್ದರೆ ಆಫ್ ಮಾಡಿದ ಮೇಲೂ ಉಪಕರಣದಲ್ಲಿ ಜೀವ ಇರುತ್ತೆ. ಅದಕ್ಕೆ ತಂತಿ ಅಡ್ಡಡ್ಡ ಜೋಡಿಸಿದ ಒಂದು ಗಿಡ್ಡ ಅಡಾಪ್ಟರ್ ಬೇಕು. ಬೇರೆ ಬಣ್ಣದ ಟೇಪ್ ಸುತ್ತಿಡಿ, ಸರಿ ಇರುವ ಕಂಬಕ್ಕೆ ಕೈತಪ್ಪಿ ಹಾಕಿಬಿಟ್ಟೀರಿ.

* * *

ಚರಂಡಿ ಜಾಲರಿ ಎಟುಕದ್ದು ಅಂದ್ರಲ್ಲ, ಅದು ಸಾಮಾನ್ಯ ಕಾಯಿಲೆ. ಬಚ್ಚಲ ನೀರಿನ ವಾಲ್ವ್ ಒಂದು ಗಾಡಿಗೆ ಹಿಂದಿನ ಚಕ್ರದ ಹತ್ತಿರ, ಇನ್ನೊಂದಕ್ಕೆ ನಟ್ಟನಡುವೆ ಹೊಟ್ಟೆಯ ಕೆಳಗೆ. ಜಾಲರಿಯನ್ನು ಗೋಡೆಗೆ ಒತ್ತಿ ಕಟ್ಟಿದ್ದರೆ ನಡುವೆ ವಾಲ್ವ್ ಇರುವವರಿಗೆ ಅದು ಇದ್ದೂ ಇಲ್ಲದ ಹಾಗೆ. ಪರಿಹಾರ ಸರಳ: ವಾಲ್ವಿನ ಬಾಯಿಗೆ ಕೂರುವ ಒಂದೂವರೆ ಮೀಟರ್ ಮಡಚುವ ಪೈಪು, ತಗ್ಗಿನ ಅಗಲ ಟಬ್ಬು. ಟಬ್ಬು 12 ಲೀಟರಿನದಾದರೆ 90 ಲೀಟರ್ ಟ್ಯಾಂಕಿಗೆ ಎಂಟು ಸಲ ಹೊರಬೇಕು ಅನ್ನುವುದನ್ನೂ ಲೆಕ್ಕ ಹಾಕಿ. ಅದಕ್ಕೇ ನಗರಕ್ಕೆ ಬರುವ ಮುಂಚೆ ಟ್ಯಾಂಕ್ ಖಾಲಿ ಮಾಡಿಕೊಂಡು ಬರುವುದು ಜಾಣತನ. ಒಂದು ರಾತ್ರಿಗೆ ಇಬ್ಬರ ಬಚ್ಚಲ ನೀರು ತುಂಬಿ ಹರಿಯುವಷ್ಟೇನೂ ಆಗಲ್ಲ.

ಎಟುಕಲಿಲ್ಲ ಅಂತ ರಸ್ತೆ ಬದಿಯ ಮಳೆನೀರಿನ ಮೋರಿಗೆ ಮಾತ್ರ ಬಿಡಬೇಡಿ. ಬಹಳಷ್ಟು ಊರುಗಳಲ್ಲಿ ಅದು ಶುದ್ಧೀಕರಣ ಘಟಕಕ್ಕೆ ಹೋಗಲ್ಲ, ನೇರ ಹೊಳೆಗೆ.

ವಾಸನೆ ಬಂದರೆ ತಂಗುದಾಣವನ್ನು ಬೈಯುವ ಮೊದಲು ನಿಮ್ಮ ಸಿಂಕ್ ನೋಡಿ. ಕೆಳಗಿನ ಬಾಗಿದ ಪೈಪಿನಲ್ಲಿ ನಿಂತಿರುವ ನೀರೇ ವಾಸನೆಗೆ ತಡೆ. ತಿರುವುಗಳಲ್ಲಿ ಅದು ತುಳುಕಿ ಖಾಲಿಯಾಗುತ್ತೆ, ಟ್ಯಾಂಕಿನ ಗಾಳಿ ಮೇಲೆ ಬರುತ್ತೆ. ಓಡಿಸುವಾಗ ಸಿಂಕಿಗೆ, ಶವರಿಗೆ ಬಿರಡೆ ಹಾಕಿ. ನಿಲ್ಲಿಸಿದ ಮೇಲೆ ಅರ್ಧ ಲೋಟ ನೀರು ಸುರಿದರೆ ಮುಗಿಯಿತು.

* * *

ನಲ್ಲಿ ಬಗ್ಗೆ ಯಾರೂ ಹೇಳಲಿಲ್ಲ. ಕ್ಯಾಸೆಟ್ (ಗಾಡಿಯ ಶೌಚದ ತೆಗೆಯುವ ಡಬ್ಬಿ) ತೊಳೆಯುವ ನಲ್ಲಿಯೂ ಕುಡಿಯುವ ನೀರಿನ ನಲ್ಲಿಯೂ ಎರಡಡಿ ಅಂತರದಲ್ಲಿರುತ್ತವೆ, ಅವಸರದಲ್ಲಿರುವವರು ಕುಡಿಯುವ ನೀರಿನ ನಲ್ಲಿಗೇ ಬಾಯಿ ತಾಗಿಸಿ ಕ್ಯಾಸೆಟ್ ತುಂಬಿಸುತ್ತಾರೆ. ನಲ್ಲಿಯ ಮೂತಿಯನ್ನು ಸೋಂಕುನಾಶಕದಿಂದ ಒರೆಸಿ, ಒಂದು ನಿಮಿಷ ನೀರು ಹರಿಯಬಿಟ್ಟು, ಆಮೇಲೆ ನಿಮ್ಮದೇ ಪೈಪು ಹಾಕಿ. ಅಲ್ಲಿ ಬಿದ್ದಿರುವ ಪೈಪು ಮುಟ್ಟಬೇಡಿ. ಅರ್ಧ, ಮುಕ್ಕಾಲು, ಒಂದು ಇಂಚಿನ ಅಡಾಪ್ಟರ್ ಜೊತೆಗಿರಲಿ. ತಿರುಪು ಇಲ್ಲದ ಬರಿ ಮೂತಿಯ ನಲ್ಲಿಗೆ ತೊಡಿಸಿ ಕ್ಲಿಪ್ ಬಿಗಿಯುವ ರಬ್ಬರ್ ಕೊಳವೆಯೂ ಬೇಕು.

* * *

ಸದ್ದಿಗೆ ಬರೋಣ, ರಾತ್ರಿ ಕೆಡಿಸುವುದು ಮುಖ್ಯವಾಗಿ ಅದೇ. ಸ್ವಲ್ಪ ಆಚೆ ನಿಲ್ಲಿಸಿದರೆ ಸಾಕು ಅನ್ನುವುದು ಅರ್ಧ ಮಾತ್ರ ನಿಜ. ಎಡೆಬಿಡದೆ ವಾಹನ ಓಡುವ ರಸ್ತೆ ಉದ್ದನೆಯ ಸದ್ದಿನ ಗೆರೆ ಇದ್ದ ಹಾಗೆ. ಅದರಿಂದ ನಿಮ್ಮ ದೂರ ಇಮ್ಮಡಿಯಾದರೂ ಕಡಿಮೆಯಾಗುವುದು ಸುಮಾರು 3 ಡೆಸಿಬಲ್. 10 ಮೀಟರಿನಿಂದ 20ಕ್ಕೆ ಸರಿದರೆ ಕಿವಿಗೆ ಹೆಚ್ಚುಕಡಿಮೆ ಏನೂ ಗೊತ್ತಾಗಲ್ಲ. ಫ್ರೀಜರ್ ಲಾರಿಯಂಥ ಒಂದೇ ಬಿಂದುವಿನ ಸದ್ದು ದೂರ ಇಮ್ಮಡಿಯಾದಾಗೆಲ್ಲ 6 ಡೆಸಿಬಲ್ ಇಳಿಯುತ್ತೆ, 8 ಮೀಟರಿನಿಂದ 32ಕ್ಕೆ ಹೋದರೆ 12. ಅಂದ್ರೆ ಲಾರಿಯಿಂದ ದೂರ ಓಡಿ. ರಸ್ತೆಯಿಂದ ಓಡಿ ಪ್ರಯೋಜನ ಕಮ್ಮಿ, ಒಂದು ಕಟ್ಟಡದ ಮರೆಗೆ ಹೋಗಿ.

ಲಾರಿಯ ಪಕ್ಕವೇ ಗತಿ ಅಂತಾದರೆ ಇದನ್ನು ನೋಡಿ: ತಂಪು ಮಾಡುವ ಯಂತ್ರ ಇರುವುದು ಸಾಮಾನ್ಯವಾಗಿ ಸರಕಿನ ಪೆಟ್ಟಿಗೆಯ ಮುಂಗೋಡೆಯಲ್ಲಿ, ಚಾಲಕನ ಕ್ಯಾಬಿನ್ ನೆತ್ತಿಯ ಹಿಂದೆ. ಲಾರಿಯ ಹಿಂಬದಿಗೆ ನಿಲ್ಲಿಸಿದರೆ ಇಡೀ ಪೆಟ್ಟಿಗೆಯೇ ನಿಮಗೆ ಗೋಡೆ. ಕಿವಿಗೆ ತುರುಕುವ ಫೋಮ್ ಈ ಸದ್ದಿಗೆ ಅರೆಬರೆ. ಅದು ಮಾತು, ಕಿರುಚಾಟದಂಥ ತೀಕ್ಷ್ಣ ಸದ್ದನ್ನು ಚೆನ್ನಾಗಿ ತಡೆಯುತ್ತೆ, ಡೀಸೆಲ್ ಯಂತ್ರದ ಗುಮ್ಮೆನ್ನುವ ತಗ್ಗುಸ್ವರವನ್ನು ಅಷ್ಟಾಗಿ ತಡೆಯಲ್ಲ. ಜೊತೆಗೆ ಆ ಯಂತ್ರ ನಿಂತು ನಿಂತು ಶುರುವಾಗುತ್ತೆ. ಒಂದೇ ಸಮನೆ ಓಡಿದರೆ ನಿದ್ದೆ ಹತ್ತೀತು, ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಗುಟುರು ಹಾಕಿದರೆ ಹತ್ತಲ್ಲ.

ಮಧ್ಯಾಹ್ನ ಮೂರಕ್ಕೆ ಬಂದು ಶಾಂತವಾಗಿದೆ ಅಂದುಕೊಳ್ಳಬೇಡಿ. ಆಗ ಕಣ್ಣಿಗೆ ಬೀಳಬೇಕಾದದ್ದು ರಾತ್ರಿಯ ಗುರುತುಗಳು: ಗಾಜಿನ ಬಾಟಲಿ ಹಾಕುವ ತೊಟ್ಟಿ, ಹೋಟೆಲ್ ಹಿಂಬಾಗಿಲು, ಬಸ್ ಡಿಪೋ ಗೇಟು, ಟ್ರ್ಯಾಮ್ ಹಳಿಯ ತಿರುವು (ನೇರ ಹಳಿಗಿಂತ ತಿರುವಿನಲ್ಲಿ ಚಕ್ರ ಕಿರ್ರನ್ನುತ್ತೆ), ನೆಲದ ಮೇಲೆ ಟೈರ್ ಸುಟ್ಟ ಕಪ್ಪು ವೃತ್ತಗಳು. ಆ ಕೊನೆಯದು ಕಂಡರೆ ಶನಿವಾರ ರಾತ್ರಿ ಅಲ್ಲಿ ಇರಲೇಬೇಡಿ.

* * *

ದೀಪಕ್ಕೆ: ಕಿಟಕಿಗಿಂತ ಗಾಡಿಯ ಚಾವಣಿ ಕಿಂಡಿಯಿಂದ ಬರುವ ಬೆಳಕೇ ಜಾಸ್ತಿ ಕಾಡುವುದು, ಕಂಬದ ದೀಪ ಎತ್ತರದಲ್ಲಿರುತ್ತಲ್ಲ. ಸಣ್ಣ ಕಿಂಡಿ ಸಾಮಾನ್ಯವಾಗಿ 40 × 40 ಸೆ.ಮೀ. ಕಪ್ಪು ಫೋಮನ್ನು 41 × 41 ಕತ್ತರಿಸಿ ಒತ್ತಿದರೆ ತಾನೇ ನಿಲ್ಲುತ್ತೆ. ಮುಂದಿನ ಗಾಜಿಗೆ ಹೊರಗಿನಿಂದ ಹಾಕುವ ಹೊದಿಕೆ.

* * *

ಮೇಲಿನವರು ಹೇಳಿದ ಫೋಮಿನ ಒಂದು ಮೂಲೆ ಕತ್ತರಿಸಿ, ದಯವಿಟ್ಟು. ಆ ಕಿಂಡಿಯ ಅಂಚಿನಲ್ಲಿ ಮುಚ್ಚಲಾಗದಂತೆ ಬಿಟ್ಟಿರುವ ಗಾಳಿದಾರಿ ಸುಮ್ಮನೆ ಇಟ್ಟದ್ದಲ್ಲ. ನಗರದ ಸದ್ದಿಗೆ ಹೆದರಿ ಎಲ್ಲವನ್ನೂ ಮುಚ್ಚಿ ಮಲಗುವುದೇ ದೊಡ್ಡ ತಪ್ಪು. ಮಲಗಿದ ಒಬ್ಬರ ಉಸಿರು, ಬೆವರಿನಿಂದ ಒಂದು ರಾತ್ರಿಗೆ ಲೋಟಗಟ್ಟಲೆ ನೀರು ಗಾಳಿಗೆ ಸೇರುತ್ತೆ. ಗ್ಯಾಸ್ ಒಲೆ ಉರಿಸಿದರೆ ಇನ್ನೂ ಹೆಚ್ಚು: 1 ಕೆಜಿ ಪ್ರೊಪೇನ್ ಉರಿದರೆ 1.6 ಕೆಜಿ ನೀರು. ಬೆಳಿಗ್ಗೆ ಗಾಜಿನ ಮೇಲೆ, ಹಾಸಿಗೆಯ ತಳದಲ್ಲಿ ಕಾಣುವ ತೇವ ಇದೇ. ಕಿಂಡಿ ಎರಡು ಸೆಂಟಿಮೀಟರ್ ತೆರೆದಿರಲಿ.

ಇಂಗಾಲದ ಮೊನಾಕ್ಸೈಡ್ ಅಲಾರಂ ಮಲಗಿದವರ ತಲೆಮಟ್ಟದಲ್ಲಿ, ಗ್ಯಾಸ್ ಅಲಾರಂ ನೆಲದ ಹತ್ತಿರ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೇ ಮಡುಗಟ್ಟುತ್ತೆ. ನೆಲದಲ್ಲಿರುವ ಗ್ಯಾಸ್ ಕಿಂಡಿಯ ಮೇಲೆ ಚಳಿ ಬರುತ್ತೆ ಅಂತ ಮ್ಯಾಟ್ ಹಾಸಬೇಡಿ.

* * *

ಕೇಳಿದವರು ಮತ್ತೆ: ಇಳಿಜಾರಿಗೆ ಏನು ಮಾಡುವುದು? ಚಕ್ರದ ಕೆಳಗಿಡುವ ರ‍್ಯಾಂಪಿನ ಕೊನೆಯ ಮೆಟ್ಟಿಲು ಹತ್ತಿಸಿದರೂ ಮಟ್ಟ ಬರಲಿಲ್ಲ.

* * *

ಇಳಿಜಾರಿನ ಉದ್ದಕ್ಕೆ ನಿಲ್ಲಿಸಿರುತ್ತೀರಿ. ಮುಂದಿನ, ಹಿಂದಿನ ಚಕ್ರಗಳ ನಡುವೆ 4 ಮೀಟರ್ ಇದ್ದು ಇಳಿಜಾರು 3 ಶೇಕಡಾ ಆದರೆ ಎತ್ತಬೇಕಾದದ್ದು 12 ಸೆ.ಮೀ. ಮೂರು ಮೆಟ್ಟಿಲಿನ ರ‍್ಯಾಂಪ್ 10ರ ಹತ್ತಿರ ಮುಗಿಯುತ್ತೆ. ಜಾಗ ಬಿಟ್ಟರೆ ಅದೇ ಇಳಿಜಾರಿಗೆ ಅಡ್ಡಲಾಗಿ ನಿಲ್ಲಿಸಿ: ಎಡಬಲ ಚಕ್ರಗಳ ಅಂತರ 1.8 ಮೀಟರ್ ಅಷ್ಟೇ, ಎತ್ತಬೇಕಾದದ್ದು ಐದೂವರೆ ಸೆ.ಮೀ. ನಡುವಿನ ಮೆಟ್ಟಿಲು ಸಾಕು. ಆಗ ಎರಡೂ ರ‍್ಯಾಂಪು ತಗ್ಗಿನ ಬದಿಗೆ, ಮುಂದೊಂದು ಹಿಂದೊಂದು. ರಸಮಟ್ಟವನ್ನು ಮಲಗುವ ಹಲಗೆಯ ಮೇಲಿಟ್ಟು ನೋಡಿ. ಡ್ಯಾಶ್‌ಬೋರ್ಡಿನದನ್ನು ನಂಬಬೇಡಿ, ಅದು ತಾನೇ ಓರೆ.

ಪೂರ್ತಿ ಮಟ್ಟ ಬರಲೇಬೇಕು ಅಂತಲೂ ಇಲ್ಲ. ತಲೆ ಎತ್ತರದ ಬದಿಗೆ ಬಂದರೆ ನಿದ್ದೆಗೆ ತೊಂದರೆಯಿಲ್ಲ. ಆದರೆ ಗ್ಯಾಸಿಗೂ ಕರೆಂಟಿಗೂ ಓಡುವ ಅಬ್ಸಾರ್ಪ್ಶನ್ ಫ್ರಿಜ್ ಇದ್ದರೆ ಸುಮಾರು 3 ಡಿಗ್ರಿ ಮೀರಬಾರದು. ಅದರೊಳಗಿನ ದ್ರಾವಣ ಪಂಪಿಲ್ಲದೆ ತನ್ನ ಭಾರದಿಂದಲೇ ಕೊಳವೆಗಳಲ್ಲಿ ಇಳಿಯುತ್ತೆ. ಓರೆಯಾದರೆ ಒಂದು ಕಡೆ ನಿಂತುಬಿಡುತ್ತೆ, ಫ್ರಿಜ್ ಬಿಸಿಯಾಗುತ್ತೆ ಹೊರತು ತಂಪಾಗಲ್ಲ. ಕಂಪ್ರೆಸರ್ ಫ್ರಿಜ್ಜಿಗೆ ಈ ಗೋಳಿಲ್ಲ.

* * *

ಇಷ್ಟೆಲ್ಲ ಯಾಕೆ? ನಗರದ ತಂಗುದಾಣ ಅಂದ್ರೆ ನಲ್ಲಿ ಇರುವ ಪಾರ್ಕಿಂಗ್, ಅಷ್ಟೇ. ಕೊನೆಯ ರೈಲು ನಿಲ್ದಾಣದ ಹತ್ತಿರ ಹೊರವಲಯದಲ್ಲಿ ನಿಲ್ಲಿಸಿ, ರೈಲಿನಲ್ಲಿ ಪೇಟೆಗೆ ಹೋಗಿ ಬನ್ನಿ. ಎತ್ತರ ತಡೆ, ಹೊಗೆ ನಿಯಂತ್ರಣ ವಲಯ, ಕಿರಿದಾದ ಗಲ್ಲಿ, ಮೂರೂ ತಪ್ಪುತ್ತವೆ. ಪಾರ್ಕಿಂಗಿನ ಅಡ್ಡಪಟ್ಟಿ ಎಷ್ಟೋ ಸಲ 2 ಮೀಟರಿಗೆ ಇರುತ್ತೆ, ಗಾಡಿ 3 ಮೀಟರ್. ನಿಮ್ಮ ಎತ್ತರವನ್ನು ಡಿಶ್ಶು, ಎಸಿ ಸೇರಿಸಿ ಅಳೆದು ಚಾಲಕನ ಕಣ್ಣಿಗೆ ಕಾಣುವಲ್ಲಿ ಅಂಟಿಸಿ.

* * *

ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ: ಕರೆಂಟಿಲ್ಲದೆ 24 ಗಂಟೆ ಕಳೆಯುವ ಬ್ಯಾಟರಿ ಇರಬೇಕು. 100 ಆಂಪಿಯರ್-ಗಂಟೆಯ ಲೆಡ್ ಬ್ಯಾಟರಿಯಲ್ಲಿ ಬಳಸಬಹುದಾದದ್ದು 50. ಕಂಪ್ರೆಸರ್ ಫ್ರಿಜ್ ದಿನಕ್ಕೆ 30ರಿಂದ 40 ತಿನ್ನುತ್ತೆ, ಡೀಸೆಲ್ ಹೀಟರಿನ ಫ್ಯಾನ್ ರಾತ್ರಿಗೆ ಹತ್ತು ಹನ್ನೆರಡು, ದೀಪ, ಪಂಪು, ಫೋನು ಇನ್ನೊಂದು ಎಂಟು. ಅಲ್ಲಿಗೆ ಮುಗಿದೇ ಹೋಯಿತು. ಅದೇ ಅಳತೆಯ ಲಿಥಿಯಂ ಆದರೆ 80ರಿಂದ 90 ಸಿಗುತ್ತೆ. ಗಾಡಿ ಓಡುವಾಗ ತುಂಬಿಸುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇದ್ದರೆ ಎರಡು ಗಂಟೆಯ ಪ್ರಯಾಣಕ್ಕೆ 60 ವಾಪಸ್. ಲೆಡ್ ಇರುವವರು ರಾತ್ರಿ ಹೊರೆ ತೆಗೆದು ಅರ್ಧ ಗಂಟೆ ಬಿಟ್ಟು ವೋಲ್ಟ್ ನೋಡಿ: 12.7 ಅಂದ್ರೆ ತುಂಬಿದೆ, 12.2 ಅಂದ್ರೆ ಅರ್ಧ, ಅದರ ಕೆಳಗೆ ಇಳಿಸಬೇಡಿ.

* * *

ಬೋರ್ಡನ್ನು ಕೊನೆಯ ಸಾಲಿನವರೆಗೂ ಓದಿ. ವಾರಕ್ಕೊಂದು ದಿನ ಬೆಳಗಿನ ಜಾವಕ್ಕೆ ಸಂತೆ ಸೇರುವ ಮೈದಾನಗಳಿವೆ, ಐದಕ್ಕೆ ಟೋಯಿಂಗ್ ಬಂದೇ ಬರುತ್ತೆ. ನಿಲ್ಲಿಸಿ ಮಲಗಲು ಬಿಡುವ ಕಡೆಯೂ ಕುರ್ಚಿ, ಮೇಲ್‌ಚಪ್ಪರ ಹೊರಗೆ ಬಂದರೆ ಅದು ಕ್ಯಾಂಪಿಂಗ್ ಲೆಕ್ಕಕ್ಕೆ ಹೋಗಿ ದಂಡ ಬೀಳಬಹುದು. ಕೆಲವು ಕಡೆ ರ‍್ಯಾಂಪ್ ಹಾಕಿದರೂ ಹಾಗೇ.

* * *

ನಾಲ್ಕು ಸ್ಟಾರ್ ವಿಷಯ. ಸರಾಸರಿ ನೋಡಬೇಡಿ, ಅದರಲ್ಲಿ ಐದು ವರ್ಷದ ಹಿಂದಿನ ಹೊಗಳಿಕೆಯೂ ಸೇರಿರುತ್ತೆ. ಕಳೆದ ಮೂರು ತಿಂಗಳಿನವು, ಅದರಲ್ಲೂ ಎರಡು, ಮೂರು ಸ್ಟಾರಿನವು ಓದಿ. "ಪೇಟೆಗೆ ಹತ್ತಿರ" ಅಂತ ಎಲ್ಲರೂ ಬರೆದು, ನಿದ್ದೆಯ ಬಗ್ಗೆ ಒಬ್ಬರೂ ಬರೆಯದಿದ್ದರೆ ಅನುಮಾನ ಪಡಿ. ಉಪಗ್ರಹ ನಕ್ಷೆಯಲ್ಲಿ ಹಳಿ, ಗೋದಾಮು, ಲಾರಿ ಸಾಲು ಕಾಣುತ್ತಾ ನೋಡಿ. ಎರಡು ಕಿಲೋಮೀಟರ್ ಒಳಗೆ ಇನ್ನೊಂದು ಜಾಗ ಗುರುತು ಹಾಕಿಟ್ಟಿರಿ, ರಾತ್ರಿ ಹತ್ತಕ್ಕೆ ಹುಡುಕುತ್ತಾ ಕೂರುವುದಲ್ಲ. ರಾತ್ರಿ ತಟ್ಟನೆ ಹೊರಡಲು ತಯಾರಿರಿ: ಚಾಲಕನ ಸೀಟು ಖಾಲಿ, ಕೀಲಿ ಗೊತ್ತಿರುವ ಜಾಗದಲ್ಲಿ, ಕೇಬಲ್ ಒಂದೇ ಕೈಗೆ ಬರುವ ಹಾಗೆ.

ನೀವು ಈ ಜಾಗಕ್ಕೆ ವಿಮರ್ಶೆ ಬರೆಯುವುದಾದರೆ "ಕೆಟ್ಟದಾಗಿತ್ತು" ಅಂತ ಒಂದೇ ಮಾತು ಹಾಕಬೇಡಿ, ಹೀಗೆ ಬರೆಯಿರಿ: "ಶುಕ್ರವಾರ ರಾತ್ರಿ. 6 ಆಂಪಿಯರ್, ಡಬ್ಬಿಗೆ ಬೀಗ, ಸಂಜೆ ಆರರ ನಂತರ ಯಾರೂ ಇಲ್ಲ. ಜಾಲರಿ ಗೋಡೆಗೆ ಒತ್ತಿದೆ, ನಡು ವಾಲ್ವಿನವರಿಗೆ ಎಟುಕದು. ಗೇಟಿನ ಬದಿಯ ಸಾಲು ಉದ್ದಕ್ಕೆ ಇಳಿಜಾರು, ಕಂಬದ ದೀಪ ಅದಕ್ಕೇ ಹೊಡೆಯುತ್ತೆ. ಒಳಸಾಲು ಪರವಾಗಿಲ್ಲ. ಫ್ರೀಜರ್ ಲಾರಿ ರಾತ್ರಿಯಿಡೀ."