ದುಡ್ಡು ಕೊಟ್ಟು ಬೆವರುವ ವಿಚಾರ

“ಮುಖ ನೋಡಿ ಮಾರಾಯ್ರೇ, ಕಾವಲಿಯಲ್ಲಿ ಮರೆತುಹೋದ ಬಂಗುಡೆಯ ಹಾಗೆ ಉಂಟು” ಎಂದರು ವಾಸಣ್ಣ.

ಪ್ರಜ್ವಲನ ಮೊಬೈಲು ಗೋಳಿಬಜೆ ತಟ್ಟೆಗಳ ಮೇಲಿಂದ ಕೈಗೆ ಕೈ ದಾಟುತ್ತಿತ್ತು. ಫೋಟೋದಲ್ಲಿ ಹತ್ತಾ. ದುಬೈಗೇ ಸೇರಿದ ಊರು, ಆದರೆ ನಗರದಿಂದ ನೂರು ಕಿಲೋಮೀಟರ್ ದಾಟಿ ಹೋಗಬೇಕು, ಹಜರ್ ಬೆಟ್ಟಗಳ ನಡುವೆ. ಮರದ ನೆರಳಿಲ್ಲ. ಕಂದು ಕಲ್ಲು, ಜಲ್ಲಿ, ಅದರ ಮೇಲೆ ದಪ್ಪ ಟಯರಿನ ಸೈಕಲ್, ಸೈಕಲ್ ಮೇಲೆ ನಮ್ಮ ಪ್ರಜ್ವಲ.

“ಸೈಕಲ್ ದಾರಿಗಳಿಗೆ ಬಣ್ಣದ ಗುರುತು ಉಂಟು ಅಂಕಲ್. ಹಸಿರು ಸುಲಭ. ಆಮೇಲೆ ನೀಲಿ, ಕೆಂಪು. ಕಪ್ಪು ಅಂದರೆ ಭಾರೀ ಕಷ್ಟ.”

“ನಮ್ಮ ಮಂಗಳೂರಲ್ಲಿ ದಾರಿಗೆ ಬಣ್ಣ ಇಲ್ಲ. ಕದ್ರಿ ಗುಡ್ಡೆ ಹತ್ತಿಸಿದರೆ ಎಲ್ಲ ಬಣ್ಣ ಮುಖಕ್ಕೇ ಬರ್ತದೆ.”

ಶೆಟ್ರಿಗೆ ತಡೆಯಲಿಲ್ಲ. ಗಲ್ಫಿನಲ್ಲಿ ಅರ್ಧ ಆಯುಷ್ಯ ಕಳೆದವರು. “ಅಲ್ಲ ಮಾರಾಯಾ, ಬಿಸಿಲಿಗೆ ಹೋಗದ ಕೆಲಸ ಸಿಗಲಿ ಅಂತ ನಾವು ಕಟೀಲಿಗೆ ಹರಕೆ ಹೇಳಿದವರು. ಅಲ್ಲಿ ಕಾನೂನೇ ಉಂಟು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ.”

“ಸರಿಯೇ ಅಲ್ವಾ?” ಎಂದರು ವಾಸಣ್ಣ. “ಸಂಬಳ ಕೊಟ್ಟು ಬೆವರಿಸಿದರೆ ಕಂಪನಿಗೆ ದಂಡ. ದುಡ್ಡು ಕೊಟ್ಟು ಬೆವರಿದರೆ ಫೋಟೋಕ್ಕೆ ಲೈಕು.”

“ಮಧ್ಯಾಹ್ನ ಯಾರೂ ಹೋಗುವುದಿಲ್ಲ ಅಂಕಲ್. ಸೂರ್ಯ ಹುಟ್ಟುವ ಮೊದಲೇ ಶುರು. ಮತ್ತೆ, ಬೆವರು ಗೊತ್ತೇ ಆಗುವುದಿಲ್ಲ.”

ಪಿಂಟೋ ಮಾಸ್ಟ್ರಿಗೆ ಪಾಠದ ವಾಸನೆ ಬಡಿಯಿತು. ರಿಟೈರ್ ಆದರೂ ಚಾಕ್‌ಪೀಸ್ ಹುಡುಕುವ ಬೆರಳು ಹಾಗೇ ಇದೆ. ಒಣ ಹವೆಯಲ್ಲಿ ಬೆವರು ಬಂದ ಹಾಗೇ ಆರಿಹೋಗುತ್ತದೆ, ಅದಕ್ಕೇ ಮೋಸ ಹೋಗುವುದು, ಎಷ್ಟು ನೀರು ಹೋಯಿತೆಂದು ತಿಳಿಯುವುದಿಲ್ಲ ಎಂದು ವಿವರಿಸಿದರು. ಪ್ರಜ್ವಲ ಇನ್ನೊಂದು ಫೋಟೋ ತೋರಿಸಿದ. ಕಪ್ಪು ಅಂಗಿಯ ಬೆನ್ನಿನಲ್ಲಿ ಬಿಳಿ ಗೆರೆಗಳು. ಅಂಗಿ ಒಣಗಿದೆ, ಉಪ್ಪು ಉಳಿದಿದೆ.

“ಇಲ್ಲಿ ಸುಮ್ನೆ ಕೂತರೂ ಬೆವರು ಬರ್ತದೆ, ಪುಕ್ಕಟೆ. ಆರುವುದೂ ಇಲ್ಲ, ಎಲ್ಲರಿಗೂ ಕಾಣ್ತದೆ. ಅಷ್ಟು ದೂರ ಹೋಗಿ ಕಾಣದ ಬೆವರು ತಗೊಂಡು ಬಂದಿದ್ದಾನೆ.”

ಬೆನ್ನಿಗೆ ಎರಡು ಲೀಟರಿನ ನೀರಿನ ಚೀಲ, ಅದರಿಂದ ಬಾಯಿಗೆ ಪೈಪು. ಪೈಪಿನಲ್ಲಿ ನಿಂತ ನೀರಿಗೆ ಬಿಸಿಲು ಬಡಿದು ಮೊದಲ ಗುಟುಕು ಚಾದಷ್ಟು ಬಿಸಿ. ಬರೀ ನೀರೇ ಕುಡಿದರೆ ಮೈಯ ಉಪ್ಪು ತೀರಾ ಕಡಿಮೆಯಾಗಿ ಅದೂ ಅಪಾಯ. ಹಾಗಾಗಿ ಪುಡಿ ಕಲಸಬೇಕು.

“ಪುಡಿಯಲ್ಲಿ ಎಂಥದುಂಟು?”

“ಸೋಡಿಯಂ, ಪೊಟ್ಯಾಶಿಯಂ, ಸ್ವಲ್ಪ ಸಕ್ಕರೆ.”

“ಕುಚ್ಚಲಕ್ಕಿ ಗಂಜಿ ತಿಳಿಗೆ ಉಪ್ಪು ಹಾಕಿ ಚೀಲಕ್ಕೆ ತುಂಬಿಸು. ಜೊತೆಗೆ ಮಿಡಿ ಉಪ್ಪಿನಕಾಯಿ.”

“ಮಿಡಿ ಪೈಪಿಗೆ ಸಿಕ್ಕಿಹಾಕಿಕೊಂಡರೆ?” ಎಂದರು ಭಟ್ರು, ಗಂಭೀರವಾಗಿ. ಮಿಡಿಯೋ ಹೆಚ್ಚಿದ ಮಾವಿನಕಾಯಿಯೋ ಎಂಬ ಚರ್ಚೆ ಎರಡನೇ ಸುತ್ತು ಚಾ ಮುಗಿಯುವವರೆಗೆ ನಡೆಯಿತು. ತೀರ್ಮಾನ ಆಗಲಿಲ್ಲ.

ಭಟ್ರ ಕಣ್ಣರಳಿದ್ದು ಟಯರಿನ ವಿಷಯಕ್ಕೆ. ಒಳಗೆ ಟ್ಯೂಬೇ ಇಲ್ಲವಂತೆ. ಬಿಳಿ ದ್ರವ ಹಾಕಿರುತ್ತಾರೆ, ಮುಳ್ಳು ಚುಚ್ಚಿದರೆ ಅದು ತೂತಿನಲ್ಲೇ ಗಟ್ಟಿಯಾಗಿ ಗಾಳಿ ನಿಲ್ಲಿಸುತ್ತದೆ. ಹೆಚ್ಚಿನವುಗಳಲ್ಲಿ ಇರುವುದು ಲೇಟೆಕ್ಸ್.

“ಅಂದರೆ ರಬ್ಬರ್ ಹಾಲು! ಸುಳ್ಯದಲ್ಲಿ ನಾವು ಚಿಪ್ಪಿನಲ್ಲಿ ಹಿಡಿಯುವುದು!”

“ಸೆಕೆಗೆ ಬೇಗ ಒಣಗ್ತದೆ. ಆಗಾಗ ತುಂಬಿಸಬೇಕು.”

“ನಮ್ಮ ಹಾಲಿಗೆ ಸಹ ಗಲ್ಫಿನ ಸೆಕೆ ತಡೆಯುವುದಿಲ್ಲ, ನೋಡಿ” ಎಂದು ಭಟ್ರು ಒಂಥರಾ ಹೆಮ್ಮೆಯಿಂದಲೇ ಹೇಳಿದರು.

ಮುಂದಿನ ಸಲ ಅಮೆರಿಕದ ಯೂಟಾ, ಮೊಆಬ್ ಅಂತೆ. 1969ರಲ್ಲಿ ಮೋಟರ್‌ಸೈಕಲಿನವರಿಗೆಂದು ಮಾಡಿದ ಬಂಡೆಯ ದಾರಿ. ಕುದುರೆಯ ಲಾಳ ಜಾರುತ್ತದೆ, ರಬ್ಬರ್ ಕಚ್ಚಿ ಹಿಡಿಯುತ್ತದೆ.

“ಜೂನ್ ತಿಂಗಳಲ್ಲಿ ನಮ್ಮ ಮುರಕಲ್ಲಿಗೆ ಬರಲಿ ಅವರು. ಪಾಚಿಯ ಮೇಲೆ ಲಾಳವೂ ಇಲ್ಲ, ರಬ್ಬರೂ ಇಲ್ಲ, ಸೊಂಟ ಒಂದೇ.”

“ಇಲ್ಲಿಯೂ ಒಬ್ಬರು ಗುಡ್ಡೆಗೆ ಸೈಕಲ್ ಹತ್ತಿಸ್ತಿದ್ದರು” ಎಂದರು ಪಿಂಟೋ ಮಾಸ್ಟ್ರು. “ಮೀನಿನ ಹಮೀದಾಕ. ಬಂದರಿನಿಂದ ಬಿಜೈವರೆಗೆ. ಹಿಂದೆ ಪೆಟ್ಟಿಗೆ ತುಂಬ ಬೂತಾಯಿ, ಐಸಿನ ನೀರು ದಾರಿಯುದ್ದಕ್ಕೂ ತೊಟ್ಟಿಕ್ಕುವುದು. ಏರಿನಲ್ಲಿ ಇಳಿದು ದೂಡುವುದು, ಮೇಲೆ ಬಂದು ಪೋಂ ಪೋಂ.”

“ಅವರ ಮಗ ಶಾರ್ಜಾದಲ್ಲಿ ನನ್ನ ರೂಮಿನಲ್ಲೇ ಇದ್ದ” ಎಂದರು ಶೆಟ್ರು. “ಮೊದಲ ಸಂಬಳ ಕಳಿಸಿದ ದಿನ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. ಇನ್ನು ಸೈಕಲ್ ಮುಟ್ಟಬೇಡಿ ಅಂತ.”

ಯಾರೂ ಗೋಳಿಬಜೆಗೆ ಕೈ ಹಾಕಲಿಲ್ಲ.

“ಆ ಸೈಕಲ್ ಈಗ ಉಂಟಾ ಅಂಕಲ್?” ಪ್ರಜ್ವಲ ಮೆಲ್ಲಗೆ ಕೇಳಿದ. “ವಿಂಟೇಜ್ ಅಲ್ವಾ? ಕೊಡ್ತಾರಾ?”

“ಕೊಟ್ಟರೂ ನಿನಗಾಗುವುದಿಲ್ಲ” ಎಂದರು ವಾಸಣ್ಣ. “ಅದಕ್ಕೆ ಗೇರಿಲ್ಲ, ಬ್ರೇಕಿಗೆ ಭರವಸೆ ಇಲ್ಲ. ಸರಿ ಇದ್ದದ್ದು ಹಾರ್ನ್ ಒಂದೇ. ಹತ್ತಾದ ಗುಡ್ಡೆಯಲ್ಲಿ ನೀನು ಎಷ್ಟು ಪೋಂ ಪೋಂ ಮಾಡಿದರೂ ಒಂದು ಬೆಕ್ಕು ಸಹ ಬರ್ಲಿಕ್ಕಿಲ್ಲ.”